ಥಾಯ್ಲೆಂಡ್: ಊರಿಗೆ ಹೊರಡುವ ಮುಂಚೆಯೇ ಕಾರಿನ ಟ್ಯಾಕ್ಸ್, ಪೊರೊಬೊ (ಇಲ್ಲಿನ ಕಡ್ಡಾಯ ಇನ್ಶೂರೆನ್ಸ್) ರಿನ್ಯೂ ಮಾಡಿಸಬಹುದಾ?

ಪವಿತ್ರ_ಸಿರಾಚಾ

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಯಜಮಾನರ ಕೆಲಸದ ಮೇಲೆ ಸಿರಾಚಾಗೆ ಬಂದಿದ್ದೇವೆ. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ ತಗೊಂಡೆವು. 2014ರ ಗಾಡಿ, 1,497 ಸಿಸಿ. ಲೋನ್ ಇಲ್ಲ, ನೀಲಿ ಪುಸ್ತಕ (ಗಾಡಿಯ ರಿಜಿಸ್ಟ್ರೇಷನ್ ಪುಸ್ತಕ) ಯಜಮಾನರ ಹೆಸರಲ್ಲಿ ನಮ್ಮ ಹತ್ತಿರವೇ ಇದೆ. ಜೊತೆಗೆ 2019ರ ಹೋಂಡಾ ಕ್ಲಿಕ್ 125 ಸ್ಕೂಟರ್.

ಕಾರಿನ ಗಾಜಿನ ಮೇಲಿರುವ ಸ್ಟಿಕ್ಕರ್‌ನಲ್ಲಿ 20 ಏಪ್ರಿಲ್ 2569 ಅಂತ ಇದೆ. ಇಲ್ಲಿನ ಬೌದ್ಧ ವರ್ಷದ ಲೆಕ್ಕ ಅದು, ಅಂದರೆ 2026. ಆದರೆ ತಮ್ಮನ ಮದುವೆಗೆ ನಾವು ಮಾರ್ಚ್ ಕೊನೆಗೇ ಊರಿಗೆ ಹೊರಡುತ್ತೇವೆ, ವಾಪಸ್ ಬರುವುದು ಮೇ ತಿಂಗಳಲ್ಲಿ. ಸ್ಕೂಟರಿನದು ಜೂನ್‌ಗೆ ಮುಗಿಯುತ್ತದೆ.

ನಮ್ಮ ಕಾಂಡೋ ಹತ್ತಿರ ಇರುವ ಏಜೆಂಟ್ ಎರಡೂ ಗಾಡಿಗೆ ಸೇರಿ 3,500 ಬಾಟ್ ಕೇಳುತ್ತಿದ್ದಾನೆ. ಫಾರಿನರ್ ಆದರೆ ಇಮಿಗ್ರೇಷನ್‌ನಿಂದ ಪತ್ರ ತರಬೇಕು, ಅದಕ್ಕೇ ರೇಟು ಜಾಸ್ತಿ ಅಂತಾನೆ. ನಿಜಾನಾ? ಇನ್ನೊಂದು ಪ್ರಶ್ನೆ. ಪೊರೊಬೊ ಅಂದರೆ ನಮ್ಮೂರ ಥರ್ಡ್ ಪಾರ್ಟಿ ಇನ್ಶೂರೆನ್ಸೇ, ಬೇರೆ ಏನೂ ಬೇಡ ಅಂತ ಯಜಮಾನರು ಹೇಳುತ್ತಾರೆ. ನನಗ್ಯಾಕೋ ಅನುಮಾನ. ಗೊತ್ತಿರುವವರು ಹೇಳಿ.

ಚಂದ್ರಣ್ಣ_ರಯೋಂಗ್

ಪವಿತ್ರ ಅವರೇ, ಮೊದಲು ಆ ಏಜೆಂಟ್ ವಿಷಯ ಮುಗಿಸೋಣ. ಇಮಿಗ್ರೇಷನ್ ಪತ್ರ ಬೇಕಾಗುವುದು ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ, ಡ್ರೈವಿಂಗ್ ಲೈಸೆನ್ಸ್ ತೆಗೆಸುವಾಗ. ವಿಳಾಸಕ್ಕೆ ದಾಖಲೆ ಬೇಕಲ್ಲ, ಅದಕ್ಕೆ. ವರ್ಷದ ಟ್ಯಾಕ್ಸ್ ಕಟ್ಟಲು ಪಾಸ್‌ಪೋರ್ಟನ್ನೇ ಕೇಳುವುದಿಲ್ಲ, ವೀಸಾ ಮಾತು ದೂರ ಉಳಿಯಿತು. ಖೊನ್‌ಸೊಂಗ್ ಆಫೀಸಿನ (ನಮ್ಮೂರ ಆರ್‌ಟಿಓ ಇದ್ದ ಹಾಗೆ) ಕೌಂಟರಿನಲ್ಲಿ ನೋಡುವುದು ಗಾಡಿಯ ಪುಸ್ತಕ, ಪೊರೊಬೊ, ಹಳೇ ಗಾಡಿಯಾದರೆ ತಪಾಸಣೆ ಆಗಿದೆಯಾ ಅನ್ನುವುದು. ಕಟ್ಟಲು ಬಂದವರು ಯಾರು ಅಂತಲೂ ಕೇಳುವುದಿಲ್ಲ. ನಮ್ಮ ಫ್ಯಾಕ್ಟರಿಯ ಡ್ರೈವರ್ ಐದಾರು ಜನರ ಪುಸ್ತಕ ಚೀಲಕ್ಕೆ ಹಾಕ್ಕೊಂಡು ಹೋಗಿ ಎಲ್ಲರದ್ದೂ ಕಟ್ಟಿ ಬರುತ್ತಾನೆ.

ಅವಧಿ ಮುಗಿಯುವ 90 ದಿನ ಮುಂಚೆಯಿಂದಲೇ ಕಟ್ಟಬಹುದು. ಬೇಗ ಕಟ್ಟಿದರೆ ದಿನ ನಷ್ಟ ಆಗುವುದಿಲ್ಲ, ಹೊಸ ಸ್ಟಿಕ್ಕರ್ 20 ಏಪ್ರಿಲ್ 2570 ಅಂತಲೇ ಬರುತ್ತದೆ. ನೀವು ಫೆಬ್ರವರಿಯಲ್ಲಿ ಆರಾಮಾಗಿ ಮುಗಿಸಿಕೊಳ್ಳಿ. ಏಪ್ರಿಲ್‌ವರೆಗೆ ಯಾರೂ ಎಳೆಯಬಾರದು. 13ರಿಂದ 15ರವರೆಗೆ ಸೊಂಗ್‌ಕ್ರಾನ್ (ಥಾಯ್ ಹೊಸ ವರ್ಷ) ರಜೆ, ಅದರ ಹಿಂದೆ ಮುಂದೆ ಆಫೀಸಿನಲ್ಲಿ ಜಾತ್ರೆ, ರಸ್ತೆಯಲ್ಲಿ ಪೊಲೀಸರ ಚೆಕಿಂಗ್.

ಮೊದಲು ಪೊರೊಬೊ ತಗೊಳ್ಳಿ. ಅದಿಲ್ಲದೆ ಟ್ಯಾಕ್ಸ್ ತಗೊಳ್ಳುವುದೇ ಇಲ್ಲ. ಏಳು ಸೀಟಿನವರೆಗಿನ ಕಾರಿಗೆ 645.21 ಬಾಟ್. ಸರ್ಕಾರವೇ ಕಟ್ಟಿದ ಮಿತಿ ಅದು. ಯಾರಾದರೂ ಸಾವಿರ ಕೇಳಿದರೆ ಎದ್ದು ಬನ್ನಿ. ಆಮೇಲೆ ತಪಾಸಣೆ. ಕಾರಿಗೆ ಏಳು ವರ್ಷ, ಬೈಕಿಗೆ ಐದು ವರ್ಷ ದಾಟಿದರೆ ಇದು ಬೇಕೇ ಬೇಕು, ನಿಮ್ಮವೆರಡೂ ದಾಟಿವೆ. ತೋ-ರೋ-ಓ ಅಂತ ಬೋರ್ಡ್ ಹಾಕಿಕೊಂಡಿರುವ ಖಾಸಗಿ ಸ್ಟೇಷನ್‌ಗಳು ಎಲ್ಲ ಊರಲ್ಲೂ ಇವೆ. ಬ್ರೇಕ್, ಹೆಡ್‌ಲೈಟ್, ಹೊಗೆ, ಚಾಸಿ ನಂಬರ್ ನೋಡುತ್ತಾರೆ. ನಿಮ್ಮ ಕಾರಿಗೆ 200 ಬಾಟ್. 2,000 ಕಿಲೋ ಮೀರಿದ ದೊಡ್ಡ ಗಾಡಿಗಾದರೆ 300. ಸ್ಕೂಟರಿಗೆ 60. ಹೋಗುವ ಮುಂಚೆ ಹಾರ್ನ್, ಬ್ರೇಕ್ ಲೈಟ್ ನೀವೇ ಒಮ್ಮೆ ನೋಡಿಕೊಳ್ಳಿ. ಒಂದು ಬಲ್ಬಿಗೋಸ್ಕರ ಸುಮ್ನೆ ವಾಪಸ್ ಬರುವುದು ಯಾಕೆ.

ಕೊನೆಗೆ ಟ್ಯಾಕ್ಸ್. ನಮ್ಮೂರಲ್ಲಿ ಗಾಡಿ ತಗೊಳ್ಳುವಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಅಂತ ಲಕ್ಷದ ಲೆಕ್ಕದಲ್ಲಿ ಕಿತ್ತುಕೊಂಡು ಬಿಡುತ್ತಾರೆ, ಅದಕ್ಕೇ ನಮ್ಮವರಿಗೆ ಇಲ್ಲಿನ ವರ್ಷ ವರ್ಷದ ಟ್ಯಾಕ್ಸ್ ಅಭ್ಯಾಸ ಇರುವುದಿಲ್ಲ. ಇಲ್ಲಿ ಸಿಸಿ ಮೇಲೆ ಲೆಕ್ಕ. ಮೊದಲ 600 ಸಿಸಿವರೆಗೆ ಪ್ರತಿ ಸಿಸಿಗೆ ಐವತ್ತು ಸತಾಂಗ್ (ಅರ್ಧ ಬಾಟ್) ಪ್ರಕಾರ, ಅಲ್ಲಿಂದ 1,800ರವರೆಗೆ ಒಂದೂವರೆ ಬಾಟ್, ಅದರ ಮೇಲೆ ನಾಲ್ಕು ಬಾಟ್. ನಿಮ್ಮದು 1,645.50 ಆಗುತ್ತದೆ. ಆದರೆ ಆರನೇ ವರ್ಷದಿಂದ ಶೇ. 10 ಇಳಿಯುತ್ತಾ ಹತ್ತನೇ ವರ್ಷಕ್ಕೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ನೀವು ಕಟ್ಟಬೇಕಾದದ್ದು 822.75 ಅಷ್ಟೇ. ಸ್ಕೂಟರಿಗೆ ವರ್ಷಕ್ಕೆ 100 ಬಾಟ್, ಅದರ ಪೊರೊಬೊ 323.14.

ಎಲ್ಲ ಕೂಡಿಸಿ: ಕಾರಿಗೆ 1,667.96, ಸ್ಕೂಟರಿಗೆ 483.14. ಎರಡೂ ಸೇರಿ 2,151 ಬಾಟ್. ಆ ಮಹಾನುಭಾವ 3,500 ಕೇಳಿದನಲ್ಲ, ಉಳಿದದ್ದು ನಿಮ್ಮ ಭಯಕ್ಕೆ ಹಾಕಿದ ಬಿಲ್ಲು.

ಈಗ ಯಜಮಾನರ ಮಾತಿಗೆ ಬರುತ್ತೇನೆ. ನಿಮ್ಮ ಅನುಮಾನವೇ ಸರಿ. ನಮ್ಮೂರ ಥರ್ಡ್ ಪಾರ್ಟಿಯಲ್ಲಿ ಎದುರಿನವರ ಗಾಡಿ, ಕಾಂಪೌಂಡ್ ಗೋಡೆ ಅಂತ ಆಸ್ತಿ ನಷ್ಟಕ್ಕೂ ಏಳೂವರೆ ಲಕ್ಷದವರೆಗೆ ಇರುತ್ತದೆ. ಪೊರೊಬೊದಲ್ಲಿ ಅದು ಸೊನ್ನೆ. 1992ರಲ್ಲಿ ಇವರು ಕಾನೂನು ತಂದದ್ದೇ ಅಪಘಾತದಲ್ಲಿ ಪೆಟ್ಟು ತಿಂದವರನ್ನು ನೋಡಿಕೊಳ್ಳಲು. ದೇಹಕ್ಕೆ ಮಾತ್ರ, ತಗಡಿಗೆ ಇಲ್ಲ. ತಪ್ಪು ಯಾರದ್ದು ಅಂತ ನೋಡದೆ ಆಸ್ಪತ್ರೆ ಖರ್ಚಿಗೆ 30,000 ಬಾಟ್‌ವರೆಗೆ. ತಪ್ಪಿಲ್ಲದವರಿಗೆ 80,000ದವರೆಗೆ. ತಪ್ಪಿಲ್ಲದವರು ತೀರಿಕೊಂಡರೆ 5 ಲಕ್ಷ. ನಡೆದು ಹೋಗುತ್ತಿದ್ದವರಿಗೂ ಉಂಟು, ಫಾರಿನರ್‌ಗೂ ಉಂಟು.

ಆದರೆ ತಪ್ಪು ನಿಮ್ಮ ಯಜಮಾನರದ್ದೇ ಆಗಿ ಎದುರಿನದು ಹೊಸ ಫಾರ್ಚುನರ್ ಆಗಿದ್ದರೆ? ಬಂಪರ್, ಲೈಟು, ಬಾನೆಟ್ ಎಲ್ಲ ಕೈಯಿಂದಲೇ. ಹಾಗಾಗಿ ಪೊರೊಬೊ ಮೇಲೆ ಇನ್ನೊಂದು ಇನ್ಶೂರೆನ್ಸ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹನ್ನೆರಡು ವರ್ಷದ ಗಾಡಿಗೆ ಒಂದನೇ ಕ್ಲಾಸ್ (ನಮ್ಮೂರ ಫುಲ್ ಇನ್ಶೂರೆನ್ಸ್ ಇದ್ದ ಹಾಗೆ) ಕೊಡಲು ಎಷ್ಟೋ ಕಂಪನಿಗಳು ಒಪ್ಪುವುದಿಲ್ಲ, ಒಪ್ಪಿದರೂ ದುಬಾರಿ. 2+ ಕೇಳಿ. ಎದುರಿನವರ ಗಾಡಿ, ಇನ್ನೊಂದು ಗಾಡಿಗೆ ಗುದ್ದಿದರೆ ನಿಮ್ಮ ಗಾಡಿ, ಜೊತೆಗೆ ಕಳವು, ಬೆಂಕಿ ಬರುತ್ತದೆ. ನೀವೇ ಹೋಗಿ ಕಂಬಕ್ಕೆ ಗುದ್ದಿದರೆ ಬರುವುದಿಲ್ಲ. ಕಳವು ಬೆಂಕಿ ಬೇಡ ಅಂದರೆ 3+ ಇನ್ನೂ ಅಗ್ಗ.

ಕಿರಣ್_ಬ್ಯಾಂಕಾಕ್

ಚಂದ್ರಣ್ಣ ಎಲ್ಲ ಹೇಳಿದ್ದಾರೆ. ಏಜೆಂಟ್ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ. ಎಷ್ಟೋ ತೋ-ರೋ-ಓ ಅಂಗಡಿಗಳಲ್ಲೇ ತಪಾಸಣೆ, ಪೊರೊಬೊ, ಟ್ಯಾಕ್ಸ್ ಮೂರೂ ಮಾಡಿಸಿ ಕೊಡುತ್ತಾರೆ. ಮೇಲೆ ನೂರೋ ಇನ್ನೂರೋ ಬಾಟ್ ತಗೊಳ್ಳುತ್ತಾರೆ, ಒಂದೆರಡು ದಿನದಲ್ಲಿ ಸ್ಟಿಕ್ಕರ್ ಕೈಗೆ. ಥಾಯ್ ಭಾಷೆ ಬಾರದವರಿಗೆ, ರಜೆ ಸಿಗದವರಿಗೆ ಆ ಇನ್ನೂರು ದಂಡ ಅಲ್ಲ. ಪುಸ್ತಕ ಬಿಟ್ಟು ಬರುವಾಗ ರಸೀದಿ ತಗೊಳ್ಳಿ, ಎಲ್ಲ ಪುಟದ ಫೋಟೋ ಹೊಡೆದುಕೊಳ್ಳಿ.

ನೀವೇ ಹೋಗುವುದಾದರೆ ದೇಶದ ಯಾವ ಖೊನ್‌ಸೊಂಗ್ ಆಫೀಸಿನಲ್ಲಾದರೂ ಕಟ್ಟಬಹುದು. ನಂಬರ್ ಪ್ಲೇಟ್ ನಿಮ್ಮ ಚೊನ್‌ಬುರಿ ಪ್ರಾಂತ್ಯದ್ದೇ ಆಗಿರಬೇಕು ಅಂತಿಲ್ಲ. ಬ್ಯಾಂಕಾಕ್ ಕಡೆ ಬಂದರೆ ಚತುಚಕ್‌ನ ಹೆಡ್ ಆಫೀಸಿನಲ್ಲಿ ಡ್ರೈವ್-ಥ್ರೂ ಇದೆ, ಕಾರಿಂದ ಇಳಿಯುವುದೇ ಬೇಡ. ಸೆವೆನ್ ಇಲೆವೆನ್‌ನಲ್ಲೂ ಕಟ್ಟಬಹುದು, ಆದರೆ ಅದು ತಪಾಸಣೆ ಬೇಡದ ಹೊಸ ಗಾಡಿಗಳಿಗೆ. ನಿಮ್ಮದಕ್ಕೆ ಆಗುವುದಿಲ್ಲ.

ಸುಧೀಂದ್ರ_ಚಿಯಾಂಗ್‌ಮಾಯ್

ಸ್ಕೂಟರಿನ ಪೊರೊಬೊ ಬಗ್ಗೆ ಒಂದು ಮಾತು. ಕಳೆದ ಮಳೆಗಾಲ ನಾಯಿ ಅಡ್ಡ ಬಂದು ಬಿದ್ದೆ. ಎದುರು ಗಾಡಿ ಇಲ್ಲ, ಯಾರದ್ದೂ ತಪ್ಪಿಲ್ಲ. ಮೊಣಕೈಗೆ ಹೊಲಿಗೆ, ಎಕ್ಸ್‌ರೇ. ಆಸ್ಪತ್ರೆಯಲ್ಲಿ ನಾನು ಹೆಲ್ತ್ ಇನ್ಶೂರೆನ್ಸ್ ಕಾರ್ಡ್ ತೆಗೆಯುವ ಮುಂಚೆ ಅವರು ಕೇಳಿದ್ದೇ ಪೊರೊಬೊ. ಸೀಟಿನ ಕೆಳಗೆ ಅದರ ಕಾಪಿ ಇತ್ತು, ಗಾಡಿ ಪುಸ್ತಕದ ಕಾಪಿಯೂ ಇತ್ತು. ಆ 30,000ದ ಮಿತಿಯೊಳಗೇ ಬಿಲ್ ಮುಗಿಯಿತು, ಆಸ್ಪತ್ರೆಯವರೇ ಕ್ಲೇಮ್ ಮಾಡಿಕೊಂಡರು. ನಾವೇ ಕಟ್ಟಿ ಆಮೇಲೆ ಕೇಳುವುದಾದರೆ 180 ದಿನದೊಳಗೆ ಅರ್ಜಿ ಹಾಕಬೇಕು. ಕಾಪಿಗಳನ್ನು ಗಾಡಿಯಲ್ಲಿಡಿ, ಅಸಲು ಮನೆಯಲ್ಲಿರಲಿ.

ಪವಿತ್ರ_ಸಿರಾಚಾ

ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಓದಿಸಿದೆ, ಫಾರ್ಚುನರ್ ಸಾಲು ಬಂದಾಗ ಸುಮ್ಮನಾದರು. 2+ಗೆ ರೇಟ್ ಕೇಳುತ್ತಿದ್ದೇವೆ.

ಚಂದ್ರಣ್ಣ, ಇನ್ನೆರಡು ಪ್ರಶ್ನೆ. ಅಕಸ್ಮಾತ್ ಫೆಬ್ರವರಿಯಲ್ಲಿ ಆಗದೆ ಮೇ ತಿಂಗಳಿಗೆ ಹೋದರೆ ದಂಡ ಎಷ್ಟು? ಮತ್ತೆ ಯಜಮಾನರ ಪಾಸ್‌ಪೋರ್ಟ್ ಈ ನಡುವೆ ಹೊಸದಾಗಿದೆ. ನೀಲಿ ಪುಸ್ತಕದಲ್ಲಿ ಹಳೇ ನಂಬರ್ ಇದೆ. ತೊಂದರೆ ಆಗುತ್ತಾ?

ಚಂದ್ರಣ್ಣ_ರಯೋಂಗ್

ಟ್ಯಾಕ್ಸ್ ತಡವಾದರೆ ತಿಂಗಳಿಗೆ ಶೇ. 1. ನಿಮ್ಮ ಲೆಕ್ಕಕ್ಕೆ ಎಂಟು ಬಾಟ್, ಒಂದು ನೀರಿನ ಬಾಟಲಿ. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಹಳೇ ಸ್ಟಿಕ್ಕರ್ ಇಟ್ಟುಕೊಂಡು ಓಡಿಸಿ ಸಿಕ್ಕಿಬಿದ್ದರೆ ಪೊಲೀಸರ ದಂಡ ಬೇರೆ, ಅದು 2,000ದವರೆಗೆ ಹೋಗಬಹುದು. ಟ್ಯಾಕ್ಸ್ ಪೂರ್ತಿ ಮೂರು ವರ್ಷ ಬಿಟ್ಟರೆ ಮಾತ್ರ ರಿಜಿಸ್ಟ್ರೇಷನ್ನೇ ರದ್ದು. ಗಾಡಿ ಇಲ್ಲೇ ನಿಲ್ಲಿಸಿ ಬೆಂಗಳೂರಿಗೆ ಹೋಗಿ ಮರೆತವರಿಗೆ ಆ ಕಥೆ.

ಪೊರೊಬೊ ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಇಲ್ಲದೆ ಓಡಿಸಿದರೆ 10,000 ಬಾಟ್‌ವರೆಗೆ ದಂಡ. ಅದಕ್ಕಿಂತ ದೊಡ್ಡದು, ಯಾರಿಗಾದರೂ ಪೆಟ್ಟಾಗಿ ನೀವು ಕೊಡದೆ ಹೋದರೆ ಸರ್ಕಾರದ ನಿಧಿಯವರು ಅವರಿಗೆ ಕೊಟ್ಟು, ಆಮೇಲೆ ಅಷ್ಟನ್ನೂ ಮೇಲೆ ಶೇ. 20 ಸೇರಿಸಿ ನಿಮ್ಮಿಂದ ವಸೂಲಿ ಮಾಡುತ್ತಾರೆ. ನೀವು ಊರಲ್ಲಿದ್ದಾಗ ಸ್ನೇಹಿತರಿಗೆ ಗಾಡಿಯ ಕೀ ಕೊಡುವ ಯೋಚನೆ ಇದ್ದರೆ ಇದು ನೆನಪಿರಲಿ. ಪೊರೊಬೊ ಮತ್ತು ಟ್ಯಾಕ್ಸ್ ಎರಡರ ಕೊನೆಯ ದಿನಾಂಕ ಎಷ್ಟೋ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಬೇರೆ ಬೇರೆ ಇರುತ್ತದೆ. ನಿಮ್ಮ ಪೊರೊಬೊ ಕಾಗದ ಈಗಲೇ ತೆಗೆದು ನೋಡಿ.

ಪಾಸ್‌ಪೋರ್ಟ್ ನಂಬರಿಗೆ ಟ್ಯಾಕ್ಸ್ ಕೌಂಟರಿನಲ್ಲಿ ಏನೂ ಕೇಳುವುದಿಲ್ಲ. ಗಾಡಿ ಮಾರುವಾಗ ಕೇಳುತ್ತಾರೆ, ಪುಸ್ತಕದಲ್ಲಿರುವವರೂ ನೀವೂ ಒಬ್ಬರೇನಾ ಅಂತ. ಎಂಬಸಿಯವರು ಹಳೇದಕ್ಕೆ ಕ್ಯಾನ್ಸಲ್ ಮುದ್ರೆ ಒತ್ತಿ ವಾಪಸ್ ಕೊಟ್ಟಿರುತ್ತಾರಲ್ಲ, ಅದನ್ನು ಗಾಡಿ ಪುಸ್ತಕದ ಜೊತೆಗೇ ಇಟ್ಟಿರಿ.