ಹ್ಯಾಮಿಲ್ಟನ್ ಚಿನ್ನದ ಜೇಬು ಗಡಿಯಾರ: ಓಡುತ್ತದೆ, ಆದರೆ ಟೈಮ್ ಸೆಟ್ ಆಗಲ್ಲ!

ಎರಿ_ದಂಡೆ: ತಲೆ ಕೆಟ್ಟು ಹೋಗಿದೆ. ಇಲ್ಲೇ ಕ್ಲೀವ್‌ಲ್ಯಾಂಡಿನಲ್ಲಿ ಒಬ್ಬರ ಮನೆ ಸಾಮಾನು ಮಾರಾಟದಲ್ಲಿ ಹಳೇ ಚಿನ್ನದ ಹ್ಯಾಮಿಲ್ಟನ್ ಸಿಕ್ಕಿತು. ಕೀ ಕೊಟ್ಟರೆ ಚೆನ್ನಾಗಿ ಓಡುತ್ತದೆ. ಟೈಮ್ ಸೆಟ್ ಮಾಡೋಣ ಅಂದರೆ ಕ್ರೌನ್, ಅದೇ ಕೀ ಕೊಡುವ ಗುಂಡಿ, ಹೊರಗೆ ಬರೋದೇ ಇಲ್ಲ. ಅಂಗಡಿಯವನು ಮುಚ್ಚಳ ಕೂಡ ತೆಗೆಯದೆ ‘ಸ್ಟೆಮ್ (ಕ್ರೌನಿಗೆ ಸೇರಿದ ಕಡ್ಡಿ) ಹೋಗಿದೆ’ ಅಂದ. ಇಕ್ಕಳ ಹಾಕಿ ಎಳೆಯಲಾ?

ಗಿರಗಟ್ಲೆ: ಸ್ಲೀವ್ ಹೋಗಿದೆ. ಹಳೇ ಅಮೆರಿಕನ್ ಗಡಿಯಾರಗಳಲ್ಲಿ ಕ್ರೌನನ್ನು ಹಿಡಿದುಕೊಳ್ಳುವ ಸಣ್ಣ ಕೊಳವೆ, ಅಂದರೆ ಸ್ಲೀವ್, ಇರೋದು ಕೇಸಿನ ಕುತ್ತಿಗೆಯಲ್ಲಿ. ಸ್ಲೀವ್ ಬದಲಾಯಿಸಿ, ಮುಗೀತು.

ಅಕ್ಕಸಾಲಿ_ಮನೆ: ಇಕ್ಕಳ ಬೇಡ ಮಾರಾಯರೇ! ಅಂದಹಾಗೆ ಮುಚ್ಚಳದ ಒಳಗೆ ಏನು ಬರೆದಿದೆ? ‘25 ವರ್ಷ’ ಅಂತಿದ್ದರೆ ಅದು ಗಟ್ಟಿ ಚಿನ್ನ ಅಲ್ಲ, ಗೋಲ್ಡ್ ಫಿಲ್ಡ್. ಹಿತ್ತಾಳೆಯಂಥ ಲೋಹದ ಎರಡೂ ಬದಿಗೆ ಚಿನ್ನದ ತಗಡು ಬೆಸೆದಿರುತ್ತಾರೆ. ಅಷ್ಟು ವರ್ಷ ಚಿನ್ನ ಸವೆಯಲ್ಲ ಅಂತ ಗ್ಯಾರಂಟಿ, ಅಷ್ಟೇ.

ಎರಿ_ದಂಡೆ: 14 ಕ್ಯಾರೆಟ್ ಅಂತ ಇದೆ ರೀ. ನಾನು ಕೇಳಿದ್ದು ಅದಲ್ಲ.

ಅಕ್ಕಸಾಲಿ_ಮನೆ: 14 ಕ್ಯಾರೆಟ್ ಅನ್ನೋದರ ಪಕ್ಕದಲ್ಲಿ ಏನಿದೆ ಅಂತಲೂ ಓದಿ ಹೇಳಿ.

ಗಿರಗಟ್ಲೆ: ಚಿನ್ನ ಆಮೇಲೆ. ಮೊದಲು ಸ್ಲೀವ್. ನನ್ನ ಎಲ್ಜಿನ್ ಗಡಿಯಾರಕ್ಕೂ ಹೀಗೇ ಆಗಿತ್ತು.

ಜಾಲಹಳ್ಳಿ_ಹುಡುಗ: ಸುಮ್ನೆ ಯಾಕೆ ಅಮೆರಿಕದ ತಲೆನೋವು? ನನ್ನ ಹತ್ರ ಒಂದು ಡ್ರಾಯರ್ ತುಂಬ ಎಚ್‌ಎಂಟಿ ಜೇಬು ಗಡಿಯಾರ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ವಾಚು, ಕ್ರೌನ್ ಎಳೆದರೆ ಬಂತು, ಒತ್ತಿದರೆ ಕೂತಿತು. ಫೋಟೋ ಹಾಕಲಾ?

ಲೂಪ್_ಕಣ್ಣು: ಡ್ರಾಯರ್‌ಗೆ ಬೇರೆ ಎಳೆ ಶುರು ಮಾಡಿ ಸರ್. ಎರಿಯವರೇ, ಯಾವ ಹ್ಯಾಮಿಲ್ಟನ್ ಅಂತ ನೀವು ಹೇಳಲೇ ಇಲ್ಲ. ಹಿಂದಿನ ಮುಚ್ಚಳ ತಿರುಗಿಸಿ ಬಿಚ್ಚಿ. ಒಳಗಿನ ಯಂತ್ರದ ಮೇಲೆ ಏನು ಕೆತ್ತಿದೆ?

ಎರಿ_ದಂಡೆ: 992, 21 ಜ್ಯುವೆಲ್ಸ್ (ಅಂದರೆ ಕಲ್ಲುಗಳು). ಅದೂ ಬೇಕಿತ್ತಾ? ಒಳಗಡೆ ಮಾತ್ರ ಕಣ್ಣು ಕೀಳೋಕೆ ಆಗಲ್ಲ. ಪ್ಲೇಟಿನ ಮೇಲೆಲ್ಲ ಬೆಳಕು ಬಿದ್ದ ಹಾಗೆ ಓಡಾಡುವ ಗೆರೆಗಳು. ಕೆಂಪು ಕಲ್ಲುಗಳಿಗೆ ಚಿನ್ನದ ಬಳೆ, ನೀಲಿ ತಿರುಪುಗಳು, ಮಧ್ಯದ ಚಕ್ರವೂ ಚಿನ್ನದ್ದು.

ಲೂಪ್_ಕಣ್ಣು: ಬೇಕಿದ್ದೇ ಅದು. 992 ಅಂದರೆ ರೈಲು ನಡೆಸುವವರಿಗೆ ಅಂತ ಮಾಡಿದ ರೈಲ್ವೆ ಗಡಿಯಾರ. ಲಿವರ್ ಸೆಟ್ ಇರಬೇಕು, ಅಂದರೆ ಕ್ರೌನ್ ಹೊರಗೆ ಬರುವುದೇ ಇಲ್ಲ. ಮುಂದಿನ ಗಾಜಿನ ಬಳೆಯನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಡಯಲಿನ ಅಂಚಲ್ಲಿ 1ರ ಆಸುಪಾಸು ಸಣ್ಣ ಉಕ್ಕಿನ ನಾಲಿಗೆ ಇಣುಕುತ್ತೆ. ಉಗುರಲ್ಲಿ ಮೆಲ್ಲಗೆ ಹೊರಗೆಳೆಯಿರಿ, ಕ್ರೌನ್ ತಿರುಗಿಸಿದರೆ ಮುಳ್ಳು ಓಡುತ್ತೆ. ನಾಲಿಗೆ ಒಳಗೆ ತಳ್ಳಿದ ಮೇಲೇ ಗಾಜು ಹಾಕಿ.

ಇದೆಲ್ಲ ಬೇಕಂತಲೇ ಮಾಡಿದ್ದು. ಜೇಬಿಂದ ತೆಗೆಯುವಾಗ ಕ್ರೌನ್ ಎಳೆದು ಗೊತ್ತಾಗದೆ ಟೈಮ್ ಬದಲಾಗಬಾರದು ಅಂತ. ರೈಲಿನವರಿಗೆ ಟೈಮ್ ತಪ್ಪಿದರೆ ಅನಾಹುತವೇ. 1891ರ ಏಪ್ರಿಲ್‌ನಲ್ಲಿ ನಿಮ್ಮ ಒಹಾಯೋದಲ್ಲೇ, ಕಿಪ್ಟನ್ ಹತ್ತಿರ ಎರಡು ರೈಲು ಢಿಕ್ಕಿಯಾದವು. ಚಾಲಕನ ಗಡಿಯಾರ 4 ನಿಮಿಷ ನಿಂತು ಮತ್ತೆ ಓಡಿತ್ತು ಅಂತಾರೆ. ಆಮೇಲೆ ಕ್ಲೀವ್‌ಲ್ಯಾಂಡಿನ ಗಡಿಯಾರ ವ್ಯಾಪಾರಿ ವೆಬ್ ಬಾಲ್‌ಗೆ ರೈಲ್ವೆ ಗಡಿಯಾರ ತಪಾಸಣೆಯ ಕೆಲಸ ಕೊಟ್ಟರು. ನಿಮ್ಮ ಊರಿನವರೇ ಅಲ್ವಾ!

ಗಿರಗಟ್ಲೆ: ಕಥೆ ಚೆನ್ನಾಗಿದೆ. ಆದರೂ ಸ್ಲೀವ್ ಒಂದು ಸಲ ನೋಡೋದು ಒಳ್ಳೇದು.

ಎರಿ_ದಂಡೆ: ನಾಲಿಗೆ ಸಿಕ್ಕಿತು! ಮುಳ್ಳು ಬೆಣ್ಣೆ ಮೇಲೆ ಜಾರಿದ ಹಾಗೆ ತಿರುಗಿತು. ಲೂಪ್ ಸರ್, ದೊಡ್ಡ ನಮಸ್ಕಾರ. ಈಗ ಇನ್ನೊಂದು ತಕರಾರು. ಮಲಗಿಸಿದರೆ ಸರಿ ಇರುತ್ತೆ, ನಿಲ್ಲಿಸಿ ಇಟ್ಟರೆ ಹಿಂದೆ ಬೀಳುತ್ತೆ.

ಲೂಪ್_ಕಣ್ಣು: ಕೊನೆಗೆ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದು ಯಾವಾಗ? ಹಳೇ ಎಣ್ಣೆ ಅಂಟಾಗಿದ್ದರೆ ಬ್ಯಾಲೆನ್ಸ್ ಚಕ್ರ ಪೂರ್ತಿ ಬೀಸುವುದಿಲ್ಲ. ಸರ್ವಿಸ್ ಆಗೋವರೆಗೆ ಜಾಸ್ತಿ ಓಡಿಸಬೇಡಿ, ಚಕ್ರದ ಅಚ್ಚಿನ ತುದಿ (ಪಿವಟ್) ಸವೆಯುತ್ತೆ.

ಗಿರಗಟ್ಲೆ: ಮೇನ್‌ಸ್ಪ್ರಿಂಗ್, ಕೀ ಕೊಟ್ಟಾಗ ಬಿಗಿಯಾಗೋದು, ಅದೇ ಹೋಗಿದೆ. ಬರೆದಿಟ್ಟುಕೊಳ್ಳಿ.

ಅಕ್ಕಸಾಲಿ_ಮನೆ: 14 ಕ್ಯಾರೆಟ್ ಪಕ್ಕದ್ದು ಇನ್ನೂ ಓದಿ ಹೇಳಿಲ್ಲ.