ಮರಸು: ಮರದಿಂದ ಬಂದದ್ದೋ, ಮರೆಯಿಂದ ಬಂದದ್ದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯವಾಗಿ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ವಸ್ತು ಎಂಥದ್ದು ಅಂತ ಹೇಳದೆ ಪದ ಕೇಳಿದರೆ ಪ್ರಯೋಜನವಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು. ಇಪ್ಪತ್ತು ವರ್ಷದಿಂದ ಪೆನ್ಸಿಲ್ವೇನಿಯಾದ ಒಂದು ಹಳ್ಳಿಯಲ್ಲಿದ್ದೇನೆ. ಪಕ್ಕದ ಮನೆಯಲ್ಲಿದ್ದ ಹಿರಿಯರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಜಮೀನಿನ ಹಿಂದೆ ಓಕ್ ಮರಗಳ ಕಾಡಿದೆ. ಅಲ್ಲಿ ಜಿಂಕೆ ಬೇಟೆಗೆ ಅಂತ ಅವರೇ ಕೈಯಾರೆ ಕಟ್ಟಿಕೊಂಡ ಕೂರುವ ಜಾಗಗಳು ಮೂರ್ನಾಲ್ಕು ಮರಗಳ ಮೇಲೆ ಇನ್ನೂ ಉಳಿದಿವೆ. ಇಂಗ್ಲಿಷಿನಲ್ಲಿ ಇದಕ್ಕೆ 'ಟ್ರೀ ಸ್ಟ್ಯಾಂಡ್' ಎನ್ನುತ್ತಾರೆ. ಅವರ ನೆನಪಿಗೆ ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಎರಡು ಪುಟ ಬರೆಯೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಮೊದಲು ವಸ್ತು ನೋಡಿ. ದಪ್ಪ ಓಕ್ ಮರ. ಕಾಂಡಕ್ಕೆ ಅಡ್ಡಡ್ಡ ಹಲಗೆ ತುಂಡುಗಳನ್ನು ಉದ್ದ ಮೊಳೆ ಹೊಡೆದು ಕೂರಿಸಿದ್ದಾರೆ, ಅವೇ ಮೆಟ್ಟಿಲು. ಹನ್ನೆರಡು ಹದಿನಾಲ್ಕು ಅಡಿ ಮೇಲೆ, ಎರಡು ಕೊಂಬೆ ಕವಲೊಡೆಯುವ ಕಡೆ, ಇಬ್ಬರು ಒತ್ತಿಕೊಂಡು ಕೂರುವಷ್ಟು ಹಲಗೆ ಹಾಸು. ಅದರ ಮೇಲೆ ಹಳೆ ಕಾರ್ಪೆಟ್ಟಿನ ಚೂರು, ಬೂಟಿನ ಸದ್ದು ಆಗಬಾರದು ಅಂತ. ಮುಂದೆ ಕೋವಿ ಆನಿಸೋಕೆ ಒಂದು ಅಡ್ಡಪಟ್ಟಿ. ಅಷ್ಟೇ. ಅಂಗಡಿಯಿಂದ ತಂದದ್ದು ಮೊಳೆ ಮಾತ್ರ, ಮರದ ಸಾಮಾನೆಲ್ಲ ಹಳೆ ಕೊಟ್ಟಿಗೆ ಕಿತ್ತಾಗ ಸಿಕ್ಕಿದ್ದು. ಈಗ ಮರ ದಪ್ಪವಾಗಿ ಮೊಳೆಗಳ ತಲೆಯನ್ನೂ ನುಂಗಿಬಿಟ್ಟಿದೆ, ಕೆಲವು ಕಡೆ ಹಲಗೆಯ ಅಂಚು ತೊಗಟೆಯೊಳಗೆ ಹೋಗಿದೆ. ಆದರೆ ನಲವತ್ತು ವರ್ಷವಾದರೂ ಮೆಟ್ಟಿಲುಗಳು ಇದ್ದ ಎತ್ತರದಲ್ಲೇ ಇವೆ. ಮರ ಬೆಳೆಯುವುದು ತುದಿಯಲ್ಲಿ, ಕಾಂಡ ದಪ್ಪವಾಗುತ್ತದೆಯೇ ಹೊರತು ಮೇಲಕ್ಕೆ ಏಳುವುದಿಲ್ಲ ಅಲ್ವಾ. ಅವರು ಕಾಲಿಡುತ್ತಿದ್ದ ಮೊದಲ ಮೆಟ್ಟಿಲು ಈಗಲೂ ನನ್ನ ಮೊಣಕಾಲಿನ ಮಟ್ಟಕ್ಕೇ ಇದೆ.

ಇನ್ನು ಪದಗಳು. 'ಮಚಾನು' ಎಲ್ಲರಿಗೂ ಗೊತ್ತು. ಆದರೆ ಅದು ಹಿಂದಿಯಿಂದ ಬಂದದ್ದು, ಅದನ್ನು ಕೇಳಿದರೆ ಹುಲಿ ಬೇಟೆಗೆ ಹೋದ ದೊರೆಗಳು ಕಣ್ಣಿಗೆ ಬರುತ್ತಾರೆ. ಆನೆ ಮೇಲೆ ಬಂದು, ಆಳುಗಳು ಕಟ್ಟಿಕೊಟ್ಟ ಮಚಾನು ಹತ್ತುವವರು. ನನ್ನ ನೆರೆಯವರು ಆ ಜಾತಿಯವರಲ್ಲ. ಕಾರ್ಖಾನೆಯಲ್ಲಿ ದುಡಿದು, ವರ್ಷದ ಮಾಂಸಕ್ಕೆ ಅಂತ ಒಂದು ಜಿಂಕೆ ಹೊಡೆದು ಫ್ರೀಜರಿಗೆ ತುಂಬಿಸಿಕೊಳ್ಳುತ್ತಿದ್ದವರು. ಆ ಪದ ಅವರಿಗೆ ಹಾಕೋಕೆ ನನಗೆ ಮನಸ್ಸಿಲ್ಲ.

'ಅಟ್ಟಣೆ' ಪರವಾಗಿಲ್ಲ. ಚಾಮರಾಜನಗರದ ಕಡೆ ಕಾಡಂಚಿನ ರೈತರು ಆನೆ ಕಾಯೋಕೆ ಮರದ ಮೇಲೆ ಕಟ್ಟುವುದನ್ನೂ ಅಟ್ಟಣೆ ಅಂತ ಕರೆಯುವುದನ್ನು ಕೇಳಿದ್ದೇನೆ. ಆದರೆ ಅದು ಎತ್ತರದ ಹಾಸು ಎನ್ನುವುದನ್ನಷ್ಟೇ ಹೇಳುತ್ತದೆ. ಅಡುಗೆಮನೆ ಮೇಲಿನ ಅಟ್ಟವೂ ಅದೇ ಬಳಗ. 'ಮಂಚಿಗೆ' ಜೋಳದ ಹೊಲದ್ದು, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಾರೆ.

ನಮ್ಮ ಕಡೆ 'ಮಾಳ' ಇದೆ. ಗೋಮಾಳದ ಮಾಳ ಬೇರೆ, ಅದು ಬಯಲು. ನಾನು ಹೇಳುವುದು ಗದ್ದೆ ಮಾಳ. ನಾಲ್ಕು ಕಂಬ, ಮೇಲೆ ದಬ್ಬೆ ಹಾಸು, ಅದರ ಮೇಲೆ ಹುಲ್ಲಿನ ಮಾಡು. ಭತ್ತ ಹಾಲುಗಟ್ಟಿದಾಗಿಂದ ಕೊಯ್ಲಿನವರೆಗೆ ಹಂದಿ ಕಾಯೋಕೆ ರಾತ್ರಿ ಅಲ್ಲೇ ಮಲಗುವುದು. ಚಿಕ್ಕವನಿದ್ದಾಗ ದೊಡ್ಡಪ್ಪಯ್ಯನ ಜೊತೆ ಎಷ್ಟೋ ರಾತ್ರಿ ಮಲಗಿದ್ದೇನೆ. ಕೆಳಗೆ ಬೆಂಕಿ, ಪಕ್ಕದಲ್ಲಿ ಬಡಿಯೋಕೆ ಒಂದು ಡಬ್ಬ, ಆಗಾಗ ಎದ್ದು 'ಹೋಓ' ಅಂತ ಕೂಗುವುದು, ಆಚೆ ಗದ್ದೆಯ ಮಾಳದಿಂದ ಇನ್ನೊಬ್ಬರು ತಿರುಗಿ ಕೂಗುವುದು. ಇಲ್ಲೇ ನನಗೆ ತೊಡಕು. ಮಾಳದ ಕೆಲಸ ಪ್ರಾಣಿಯನ್ನು ಓಡಿಸುವುದು, ಸದ್ದು ಮಾಡಿ ನಾವಿದ್ದೇವೆ ಅಂತ ತಿಳಿಸುವುದು. ಓಕ್ ಮರದ ಮೇಲಿನದ್ದು ಇದಕ್ಕೆ ಪೂರಾ ಉಲ್ಟಾ. ಆಕಾರ ಒಂದೇ ಅಂತ ಹೆಸರು ಕೊಟ್ಟರೆ ತಪ್ಪಾಗುತ್ತದೆ.

ಕೊನೆಗೆ ದೊಡ್ಡಪ್ಪಯ್ಯನಿಗೇ ಫೋನು ಮಾಡಿದೆ. ಅವರಿಗೀಗ ಎಂಬತ್ತನಾಲ್ಕು. ನಾನು ಮರ, ಹಲಗೆ, ಮೆಟ್ಟಿಲು ಎಲ್ಲ ವಿವರಿಸಿ ಮುಗಿಸುವ ಮೊದಲೇ ಅವರು, "ಅದು ಮರಸು ಕಣೋ. ಅಲ್ಲಿಗೆ ಹೋಗಿ ಅದನ್ನೂ ಮರೆತೆಯಾ?" ಅಂದರು.

ಹೌದು, ಮರಸು! ಮಲೆನಾಡಿನವರಿಗೆ ಗೊತ್ತಿರುತ್ತದೆ, ಬೇಟೆಗೆ ಅಡಗಿ ಕಾದು ಕೂರುವುದಕ್ಕೆ 'ಮರಸು ಕೂರುವುದು', 'ಮರಸಿಗೆ ಹೋಗುವುದು' ಅನ್ನುತ್ತಾರೆ. ನಾನು ಮೊದಲಿಂದಲೂ ಇದು ಮರದಿಂದ ಬಂದ ಮಾತು ಅಂತಲೇ ತಿಳಿದಿದ್ದೆ. ಮರದ ಮೇಲೆ ಕೂರುವುದು, ಅದಕ್ಕೆ ಮರಸು. ಎಷ್ಟು ಸಲೀಸಾಗಿದೆ ನೋಡಿ. ಆದರೆ ದೊಡ್ಡಪ್ಪಯ್ಯ ಇನ್ನೊಂದು ಮಾತು ಹೇಳಿದರು. ಅಜ್ಜಯ್ಯ ಹಲಸಿನ ಕಾಲದಲ್ಲಿ ಹಣ್ಣು ಬೀಳುವ ಮರದ ಹತ್ತಿರ, ಕವಲಿಗೆ ಮೂರು ಗಳ ಅಡ್ಡ ಇಟ್ಟು ಹಂಬು ಕಟ್ಟಿ ಕೂರುತ್ತಿದ್ದರಂತೆ, ಕಡವೆಯೋ ಹಂದಿಯೋ ಬರಲಿ ಅಂತ. ಹತ್ತುವಂಥ ಮರ ಇಲ್ಲದಿದ್ದರೆ ನೆಲದ ಮೇಲೇ ಸೊಪ್ಪಿನ ಮರೆ ಕಟ್ಟಿಕೊಂಡು ಕೂರುತ್ತಿದ್ದರಂತೆ. "ಅದೂ ಮರಸೇ" ಅಂದರು. (ಇದೆಲ್ಲ 1972ರ ವನ್ಯಜೀವಿ ಕಾಯ್ದೆಗೆ ಮೊದಲಿನ ಮಾತು. ಆಮೇಲೆ ಅಜ್ಜಯ್ಯನ ಕೋವಿ ಗೋಡೆಯಿಂದ ಇಳಿದದ್ದನ್ನು ನಾನು ನೋಡಿಲ್ಲ.)

ನೆಲದ ಮೇಲೆ ಕೂತರೂ ಮರಸು ಅಂದಮೇಲೆ ಮರಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಡಗುವ 'ಮರೆ'ಯೇ ಮೂಲ ಅಂತ ನನ್ನ ಅನಿಸಿಕೆ. ಈಗಿನ ಕನ್ನಡದಲ್ಲಿ ಎರಡೂ ಒಂದೇ ರ, ಅದಕ್ಕೇ ಗೊಂದಲ. ಹಳಗನ್ನಡದಲ್ಲಿ ಮರಕ್ಕೆ ಸಾದಾ ರ, 'ಮಱೆ'ಗೆ ಶಕಟರೇಫ, ಅಂದರೆ ಈಗ ಬಳಕೆ ತಪ್ಪಿದ ಇನ್ನೊಂದು ರ, 'ಱ'. ತಮಿಳಿನಲ್ಲೂ ಮರಂ ಬೇರೆ, ಮಱೈ ಬೇರೆ. ಮಲಯಾಳಿಗಳು ಇವತ್ತಿಗೂ ಮರಂ, ಮಱ ಎರಡನ್ನೂ ಬೇರೆಬೇರೆಯಾಗಿ ನುಡಿಯುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಕೋಟ್ಟಯಂನ ಗೆಳೆಯನಿಂದ ಎರಡನ್ನೂ ಹೇಳಿಸಿ ಕೇಳಿದೆ, ವ್ಯತ್ಯಾಸ ಚೆನ್ನಾಗಿ ಕಿವಿಗೆ ಬೀಳುತ್ತದೆ. ಇನ್ನು ಕೊನೆಯ 'ಸು'. ಮುನಿಯಿಂದ ಮುನಿಸು ಆದ ಹಾಗೆ ಮರೆಯಿಂದ ಮರಸು ಆಗಿರಬಹುದು. ಅಥವಾ ಮರೆಮಾಡು ಎನ್ನುವ ಅರ್ಥದ 'ಮರಸು' ಕ್ರಿಯಾಪದವೇ ನಾಮಪದವಾಗಿ ನಿಂತಿರಬಹುದು. ವ್ಯಾಕರಣ ಬಲ್ಲವರು ಇದನ್ನು ತಿದ್ದಬೇಕು.

ಎರಡನೇ ಪ್ರಶ್ನೆ ನನಗೆ ಇನ್ನೂ ಮುಖ್ಯ. ಮರಸು ಎನ್ನುವುದು ಕೆಲಸದ ಹೆಸರೋ, ಕೂರುವ ಜಾಗದ ಹೆಸರೋ, ಕಟ್ಟಿದ ವಸ್ತುವಿನ ಹೆಸರೋ? ಬೇಟೆಯ ಮಾತಿನಲ್ಲಿ ಇವು ಒಂದರಿಂದ ಒಂದಕ್ಕೆ ಜಾರುತ್ತವೆ. ಇಂಗ್ಲಿಷಿನ ಸ್ಟ್ಯಾಂಡ್ ಮೊದಲು ಬೇಟೆಗಾರ ನಿಲ್ಲುವ ಜಾಗವಷ್ಟೇ ಆಗಿತ್ತು. ಈಗ ಅದು ಹಲಗೆಯ ವಸ್ತು, ಅದರ ಮೇಲೆ ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು. ನಮ್ಮಲ್ಲಿ 'ಬಿಲ್ಲು' ನೋಡಿ. ಹಳುವಿನವರು ಕೂಗಿ ಪ್ರಾಣಿ ಎಬ್ಬಿಸುವಾಗ ಕೋವಿಯವರು 'ಬಿಲ್ಲಿಗೆ ನಿಲ್ಲುತ್ತಾರೆ'. ಕೈಯಲ್ಲಿರುವುದು ಕೇಪಿನ ಕೋವಿ, ಆದರೆ ಜಾಗದ ಹೆಸರು ಬಿಲ್ಲು. ಬಿಲ್ಲು ಹಿಡಿಯುತ್ತಿದ್ದ ಕಾಲದ ಮಾತು ಜಾಗಕ್ಕೆ ಅಂಟಿಕೊಂಡು ಉಳಿದಿರಬೇಕು. ಮರಸಿಗೂ ಹೀಗೇ ಆಗಿದೆಯಾ? ದೊಡ್ಡಪ್ಪಯ್ಯನ ಬಾಯಲ್ಲಿ 'ಮರಸು ಕಟ್ಟಿದ್ರು' ಅಂತ ಒಮ್ಮೆ ಬಂತು. ಮತ್ತೆ ಕೇಳಿದಾಗ 'ಮರಸಿಗೆ ಅಟ್ಟ ಕಟ್ಟಿದ್ರು' ಅಂದರು. ಮೊದಲನೆಯದು ಸರಿಯಾದರೆ ನನಗೆ ಪದ ಸಿಕ್ಕಿತು, ಎರಡನೆಯದಾದರೆ ಇಲ್ಲ.

ಇಷ್ಟೊಂದು ಹಟ ಯಾಕೆ ಅಂದರೆ ನಾನು ಆ ಓಕ್ ಮರದ ಮೇಲೆ ಎರಡು ವರ್ಷ ಅವರ ಪಕ್ಕ ಕೂತಿದ್ದೇನೆ. ಕೋವಿ ಹಿಡಿದಿಲ್ಲ, ಸುಮ್ನೆ ಕೂತದ್ದು. ಇಲ್ಲಿ ಕೋವಿ ಬೇಟೆ ಆಗ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಶುರುವಾಗುತ್ತಿತ್ತು, ಹಳ್ಳಿ ಕಡೆ ಎಷ್ಟೋ ಶಾಲೆಗಳಿಗೆ ಆ ದಿನ ರಜೆ. 2019ರಿಂದ ಅದು ಶನಿವಾರಕ್ಕೆ ಬಂದಿದೆ. ಬೆಳಕು ಹರಿಯುವ ಮೊದಲೇ ಹತ್ತಿ ಕೂರಬೇಕು. ಉರಿಯುವ ಕಿತ್ತಳೆ ಬಣ್ಣದ ಟೋಪಿ, ಜಾಕೆಟ್ ಹಾಕಲೇಬೇಕು. ಇನ್ನೊಬ್ಬ ಬೇಟೆಗಾರನಿಗೆ ಕಾಣಬೇಕು, ಜಿಂಕೆಗೆ ಆ ಬಣ್ಣ ನಮ್ಮ ಕಣ್ಣಿಗೆ ಹೊಡೆದಂತೆ ಹೊಡೆಯುವುದಿಲ್ಲ. ಹಾಗಾಗಿ ಇಲ್ಲಿ ಮರೆ ಅಂದರೆ ಅಲುಗದೆ ಕೂರುವುದು, ಗಾಳಿ ನಮ್ಮ ವಾಸನೆಯನ್ನು ಜಿಂಕೆಯ ಕಡೆ ಒಯ್ಯದಂತೆ ಮರ ಆರಿಸುವುದು. ಒಣಗಿದ ಓಕ್ ಎಲೆ ಮೇಲೆ ಅಳಿಲು ಓಡಿದರೂ ದೊಡ್ಡ ಪ್ರಾಣಿ ಬಂದಂತೆ ಕೇಳುತ್ತಿತ್ತು. ನಾನು ಪ್ರತಿ ಸಲ ಕತ್ತು ತಿರುಗಿಸುತ್ತಿದ್ದೆ, ಅವರು ಬೆರಳಿನಿಂದ ನನ್ನ ಮೊಣಕಾಲು ತಟ್ಟುತ್ತಿದ್ದರು. ಎರಡನೇ ವರ್ಷ ಇಳಿಯುವಾಗ ಒಂದು ಮೆಟ್ಟಿಲು ಮೊಳೆ ಸಮೇತ ನನ್ನ ಕೈಗೇ ಬಂತು, ಬೀಳದೆ ಉಳಿದದ್ದು ಅವರು ಮೇಲಿಂದ ಕಾಲರ್ ಹಿಡಿದದ್ದರಿಂದ. ಆಮೇಲೆ ಅವರೂ ಹತ್ತಲಿಲ್ಲ. ಮಗಳು ಅಂಗಡಿಯಿಂದ ಕಬ್ಬಿಣದ್ದು, ಬೆಲ್ಟ್ ಕಟ್ಟಿಕೊಳ್ಳುವಂಥದ್ದು ತಂದುಕೊಟ್ಟರು. ಅದರಲ್ಲಿ ಇಬ್ಬರಿಗೆ ಜಾಗ ಇರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು 'ಮರಸು ಕಟ್ಟುವುದು', 'ಮರಸು ಹತ್ತುವುದು', 'ಮುರಿದ ಮರಸು' ಇಂಥ ಮಾತು ಕೇಳಿದ್ದೀರಾ? ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿ ಇದಕ್ಕೆ ಬೇರೆ ಹೆಸರಿದೆಯಾ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ. ಪದ ಮಾತ್ರ ಕೇಳಬೇಡಿ, ಪೂರ್ತಿ ವಾಕ್ಯ ಹೇಳಿಸಿ, ಕಟ್ಟುವುದೋ ಕೂರುವುದೋ ಅನ್ನುವುದು ಅಲ್ಲೇ ಗೊತ್ತಾಗುವುದು.

ಸಂಚಿಕೆಗೆ ಬರಹ ಕೊಡೋಕೆ ಇನ್ನು ಮೂರು ವಾರ ಇದೆ. ಸದ್ಯಕ್ಕೆ ಮೊದಲ ಸಾಲಿನಲ್ಲಿ 'ಅವರು ಕಟ್ಟಿದ ಮರಸು' ಅಂತಲೇ ಬರೆದಿಟ್ಟಿದ್ದೇನೆ.