ಬ್ಯಾಟರಿಯ ಕ್ಯಾಥೋಡ್ ಮೇಲಿನ ಕೋಟಿಂಗ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಶಿವಮೊಗ್ಗದಿಂದ:

ಮಾನ್ಯರೇ, ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಲಿಥಿಯಂ ಅಯಾನ್ ಬ್ಯಾಟರಿಯ ಫಲಕವೊಂದು ಸಿದ್ಧವಾಗುತ್ತಿದ್ದು, ನಾಳೆ ಸಂಜೆಯೊಳಗೆ ಬರಹವನ್ನು ಒಪ್ಪಿಸಬೇಕಾಗಿದೆ. ಬ್ಯಾಟರಿಯ ಎರಡು ವಿದ್ಯುತ್ ತುದಿಗಳಲ್ಲಿ ಒಂದಾದ ಕ್ಯಾಥೋಡ್‌ನ ಪುಡಿಯ ಕಣಗಳ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನಂಥ ವಸ್ತುವನ್ನು ಕೆಲವೇ ನ್ಯಾನೊಮೀಟರ್ ದಪ್ಪಕ್ಕೆ ಕೂರಿಸುತ್ತಾರೆ. ಬ್ಯಾಟರಿಯ ದ್ರವದಲ್ಲಿರುವ ಲಿಥಿಯಂ ಲವಣಕ್ಕೆ ನೀರಿನ ಲವಲೇಶ ಸೋಕಿದರೂ ಹೈಡ್ರೊಫ್ಲೋರಿಕ್ ಆಮ್ಲ ಹುಟ್ಟಿ, ಕ್ಯಾಥೋಡ್‌ನೊಳಗಿನ ಮ್ಯಾಂಗನೀಸ್, ನಿಕ್ಕಲ್ ಮೊದಲಾದ ಲೋಹಗಳನ್ನು ಕರಗಿಸತೊಡಗುತ್ತದೆ. ಅದನ್ನು ತಡೆಯುವುದು ಈ ಪದರದ ಕೆಲಸ. ವಿದ್ಯುದಾವೇಶ ಹೊತ್ತ ಲಿಥಿಯಂ ಕಣಗಳಾದ ಅಯಾನುಗಳಿಗೆ ಮಾತ್ರ ಅದು ದಾರಿ ಬಿಡಬೇಕು. ‘ಋಣಾಗ್ರದ ರಕ್ಷಣಾತ್ಮಕ ಮೇಲ್ಮೈ ಲೇಪನ’ ಎಂದು ಬರೆದಿದ್ದೇನೆ. ‘ರಕ್ಷಾಪೊರೆ’ ಎಂದರೆ ಹೇಗೆ?

ತೀರ್ಥಹಳ್ಳಿಯಿಂದ:

ಎರಡೂ ಸಲ್ಲವು. ಲೇಪನವೆಂದರೆ ಹಚ್ಚುವ ಕ್ರಿಯೆ, ಹಚ್ಚಿದ್ದು ಲೇಪ. ಅದೂ ಬಳಿಯುವುದನ್ನೇ ಹೇಳುವ ಮಾತು; ಆವಿಯನ್ನು ಹಾಯಿಸಿ ಪರಮಾಣುಗಳ ಪದರವನ್ನು ಒಂದರ ಮೇಲೊಂದರಂತೆ ಕಟ್ಟುವ ವಿಧಾನದಲ್ಲಿ ಬಳಿಯುವುದೇನಿದೆ? ‘ರಕ್ಷಾಪೊರೆ’ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸ. ಸಾಲದೆಂಬಂತೆ ಹೇಳಿದ್ದನ್ನೇ ಮತ್ತೆ ಹೇಳುತ್ತದೆ. ಏಕೆಂದರೆ ‘ಪೊರೆ’ ನಾಮಪದವಾದಾಗ ತೆಳುವಾದ ಪದರ, ಕ್ರಿಯಾಪದವಾದಾಗ ಕಾಪಾಡು. ಇಷ್ಟು ಹೊಂದುವ ಪದ ಮನೆಯಲ್ಲಿರುವಾಗ ಎರವಲು ಏಕೆ? ಭಾರವೆಂಬ ಅರ್ಥದ ‘ಹೊರೆ’ ಹಳಗನ್ನಡದ ಇನ್ನೊಂದು ರಕಾರವಾದ ಶಕಟರೇಫದ (ಱ) ‘ಪೊಱೆ’ಯಿಂದ ಬಂದದ್ದು, ಅದನ್ನು ಇಲ್ಲಿಗೆ ತರಬೇಡಿ. ‘ಪೊರೆ’ ಎಂದಷ್ಟೇ ಬರೆಯಿರಿ.

ಸಾಗರದಿಂದ:

ಒಪ್ಪಲಾರೆ. ಪೊರೆಯೆಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ತೋಟದಲ್ಲಿ ಹಾವು ಕಳಚಿಟ್ಟದ್ದು, ಅಜ್ಜನ ಕಣ್ಣಿಗೆ ಬಂದದ್ದು. ಒಂದು ಕಳಚಿಹೋಗುವಂಥದ್ದು, ಇನ್ನೊಂದು ಬೆಳಕನ್ನೇ ತಡೆಯುವಂಥದ್ದು. ಈ ಪದರವೋ ಕಳಚಲೂ ಬಾರದು, ಅಯಾನನ್ನು ತಡೆಯಲೂ ಬಾರದು. ಹುಣಿಸೆಹುಳಿ ತಾಗಿ ಹಿತ್ತಾಳೆ ಕಿಲುಬದಿರಲೆಂದು ಪಾತ್ರೆಯೊಳಗೆ ತವರದ ಕಲಾಯಿ ಹಾಕಿಸುತ್ತಿದ್ದುದನ್ನು ಹೇಳಿ, ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಕಲಾಯಿಯ ಮೂಲ ಅರಬ್ಬಿ. ಅಷ್ಟಕ್ಕೇ ಅದನ್ನು ನಮ್ಮ ಅಡುಗೆಮನೆಯಿಂದ ಹೊರಗಿಡುವಿರಾ? ಪದದ ಜಾತಕ ನೋಡುವುದನ್ನು ನಿಲ್ಲಿಸಿ.

ನಿಜವಾದ ತಪ್ಪು ‘ಋಣಾಗ್ರ’ದಲ್ಲಿದೆ, ಅದನ್ನು ಯಾರೂ ಗಮನಿಸಲಿಲ್ಲ. ವಿದ್ಯುತ್ ಹಾಯಿಸಿ ವಸ್ತುವನ್ನು ಒಡೆಯುವ ವಿದ್ಯುದ್ವಿಭಜನೆಯ ಪಾಠದಲ್ಲಿ ಕ್ಯಾಥೋಡ್ ಋಣ ತುದಿ. ವಿದ್ಯುತ್ತನ್ನು ಕೊಡುತ್ತಿರುವ ಬ್ಯಾಟರಿಯಲ್ಲಿ ಅದು ಧನ ತುದಿ. ಅಚ್ಚಕನ್ನಡವೋ ಸಂಸ್ಕೃತವೋ ಎಂಬ ಹಟದಲ್ಲಿ ಮಕ್ಕಳಿಗೆ ಸುಳ್ಳನ್ನು ಕಲಿಸಬಾರದು. ಗ್ರೀಕಿನಿಂದ ಬಂದು, 1834ರಲ್ಲಿ ಫ್ಯಾರಡೆ ಬಳಕೆಗೆ ತಂದ ‘ಕ್ಯಾಥೋಡ್’ ಹಾಗೆಯೇ ಇರಲಿ.

ತೀರ್ಥಹಳ್ಳಿಯಿಂದ:

ಋಣಾಗ್ರದ ವಿಷಯದಲ್ಲಿ ತಾವು ಹೇಳಿದ್ದು ಸರಿ. ಕಲಾಯಿಯ ವಾದ ನಿಲ್ಲುವುದಿಲ್ಲ. ಅದು ಕಸುಬಿನೊಂದಿಗೆ ಬಂದ ಪದ, ಇದ್ದ ಪದವನ್ನು ತಳ್ಳಿ ಬಂದದ್ದಲ್ಲ. ಇಲ್ಲದ್ದನ್ನು ತರುವುದಕ್ಕೆ ನನ್ನ ವಿರೋಧ ಎಂದೂ ಇಲ್ಲ. ಇರುವುದನ್ನು ಮರೆತು ತರುವುದಕ್ಕೆ ಇದೆ. ಕಣ್ಣಿನ ಪೊರೆಯೊಂದನ್ನೇ ಹಿಡಿದು ಪದವನ್ನು ಬಿಡುವುದಾದರೆ, ಜೀವಕೋಶದ ಪೊರೆಯನ್ನು ಪಾಠದಲ್ಲಿ ಏನೆಂದು ಕರೆಯುವಿರಿ? ಅದೂ ಬೇಕಾದ್ದನ್ನು ಬಿಟ್ಟು ಬೇಡವಾದ್ದನ್ನು ತಡೆಯುವಂಥದ್ದೇ.

ಶಿವಮೊಗ್ಗದಿಂದ:

ಜೀವಕೋಶದ ಪೊರೆಯನ್ನು ನಮ್ಮ ಮಕ್ಕಳು ಓದಿರುವುದರಿಂದ ಆ ಪದವನ್ನೇ ಇಟ್ಟುಕೊಂಡೆ. ಫಲಕಕ್ಕೆ ಕೊಟ್ಟ ಬರಹ ಹೀಗಿದೆ: ‘ಕ್ಯಾಥೋಡ್ ಕಣವನ್ನು ಆಮ್ಲದಿಂದ ಕಾಯುವ, ಲಿಥಿಯಂ ಅಯಾನಿಗೆ ದಾರಿ ಬಿಡುವ ಪೊರೆ.’ ಪಕ್ಕದ ಮೇಜಿನ ಮೇಲೆ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯೊಂದನ್ನೂ ಇಡುತ್ತಿದ್ದೇವೆ.